ಖಾಲಿ ಬಂದೂಕಿನ ತಾಲೀಮು

೧೨ ಜುಲೈ ೧೯೪೮, ಸೋಮವಾರ

ಗಡಿಯಾಚೆಯ ನಮ್ಮ ಶಿಬಿರಕ್ಕೆ ಇವತ್ತೂ ತೋಟಾ ಬರಲಿಲ್ಲ. ಹಿಂದೆ ಪಲ್ಟನ್ನಿನಲ್ಲಿದ್ದ ದೊಡ್ಡಬಸಪ್ಪನವರು ಖಾಲಿ ಬಂದೂಕಿನಲ್ಲೇ ಗುರಿ ಕಲಿಸಿದರು.

"ಮೊದಲ ಒಳಗ ನೋಡ್ರಿ, ಖಾಲಿ ಐತೇನಂತ. ಗ್ವಾಡಿ ಕಡೆ ಹಿಡೀರಿ. ಉಸಿರು ಬಿಗಿಹಿಡದು ಬೆರಳಿಲೆ ಸಾವಕಾಶ ಕುದುರಿ ಎಳೀರಿ."

ನಾನು ಎಳೆದೆ, ಟಕ್ ಎಂದಿತು. ನಳಿಗೆ ಅಲುಗಲಿಲ್ಲ. "ಛಲೋ ಬಂತಪಾ" ಎಂದರು. ಹಿಗ್ಗಿದೆ.

ಮಧ್ಯಾಹ್ನ ಯಲಬುರ್ಗಾ ಕಡೆಯ ನಮ್ಮೂರಿನಿಂದ ಸಣ್ಣವ್ವ ಅತ್ತೆ ನಡೆದೇ ಬಂದಳು. ರಜಾಕಾರರು ಊರಿಗೆ ನುಗ್ಗಿ, ನನ್ನ ಅಣ್ಣ ದುರಗಪ್ಪನಿಗೆ ಅಂಗಳದಲ್ಲೇ ಗುಂಡು ಹಾಕಿದರಂತೆ. ಮಣ್ಣೂ ಆಗಿಹೋಗಿದೆ.

ನನ್ನ ಬಂದೂಕು ನೋಡಿ, "ಇಲ್ಲೇನು ಮಾಡಾಕತ್ತೀಯೋ ಬಾಲಪ್ಪಾ?" ಎಂದಳು.

"ಕಲಿಯಾಕತ್ತೀನಿ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತಲೆ ಸವರಿ, "ಉಂಡೀಯೇನಪಾ?" ಎಂದಳು.

ಉಂಡಿದ್ದೆ. ಹೊಟ್ಟೆ ತುಂಬ ಉಂಡಿದ್ದೆ.