ದೀಪವಿಲ್ಲದ ವಸ್ತಿ

ಬೆಳಗಾವಿ
೨೧ ಡಿಸೆಂಬರ್ ೨೦೨೫

ಪ್ರೀತಿಯ ಚಂದ್ರಮತಿ ಕಾಕುಗೆ ತ್ರಿಶಲಾಳ ಜಯ ಜಿನೇಂದ್ರ.

ಕಾಕಾರನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ದು ತಿಂಗಳಾಯಿತು, ನಾನೊಂದು ಫೋನೂ ಮಾಡಲಿಲ್ಲ. ಸಿಟ್ಟಾಗಬೇಡ. ನಂಬರು ಒತ್ತುತ್ತೇನೆ, ನೀನು "ಹಲೋ" ಅನ್ನುವ ಮೊದಲೇ ಕಟ್ ಮಾಡುತ್ತೇನೆ. ಅದಕ್ಕೇ ಈ ಕಾಗದ. ಕಾಕಾರ ಬಲಗೈಗೆ ಸ್ವಲ್ಪವಾದರೂ ಕಸುವು ಬಂತೇ?

"ದಿನಾ ಕಂಪ್ಯೂಟರ್ ಮುಂದ ಕುಂತು ಅದೇನ್ ಮಾಡ್ತಿ ಬೇ?" ಎಂದು ಕೇಳುತ್ತಿದ್ದೆಯಲ್ಲ, ಹೇಳುತ್ತೇನೆ. ಉಪಗ್ರಹ ರಾತ್ರಿ ಹೊತ್ತು ತೆಗೆದ ಫೋಟೋ ನೋಡಿ, ಎಲ್ಲಿ ಎಷ್ಟು ಬೆಳಕಿದೆಯೋ ಅದರ ಮೇಲಿಂದ ಅಲ್ಲಿ ಎಷ್ಟು ಜನರಿದ್ದಾರೆಂದು ಅಂದಾಜು ಹಾಕುವುದು ನನ್ನ ಕೆಲಸ. ಹೋದ ವರ್ಷ ಕಾಗವಾಡ ಪಟ್ಟಣ ಮತ್ತು ಸುತ್ತಲಿನ ಅಂದಾಜು ಹಾಕಿದವಳು ನಾನೇ. ಆಂಬುಲೆನ್ಸ್ ಎಲ್ಲಿ ನಿಲ್ಲಬೇಕೆಂದು ಅದನ್ನು ನೋಡಿಯೇ ಗೊತ್ತುಮಾಡಿದರು.

ಮೋಡ ಸರಿದು ಫೋಟೋ ಸಿಕ್ಕಿದ್ದು ಚಾತುರ್ಮಾಸದಲ್ಲಿ. ಸಕ್ಕರೆ ಕಾರ್ಖಾನೆಯ ಕಡೆ ಬೆಳಕೋ ಬೆಳಕು, ವಾಸಕ್ಕಿರುವವರು ನಾಲ್ಕು ಜನ ಕಾವಲುಗಾರರು. ನಮ್ಮ ತೋಟದ ವಸ್ತಿ ಮಾತ್ರ ಪೂರ್ತಿ ಕಪ್ಪು. ಮಳೆಗಾಲದ ಆ ನಾಲ್ಕು ತಿಂಗಳು ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ, ದೀಪಕ್ಕೆ ಮುತ್ತುವ ಹುಳು ಸಾಯಬಾರದೆಂದು ವಸ್ತಿಗೆ ವಸ್ತಿಯೇ ಬಲ್ಬು ಆರಿಸಿಬಿಡುತ್ತದೆ. "ಲೈಟ್ ಆರಸ್ ಬೇ, ಪಾಪ, ಹುಳಾ ಸಾಯ್ತಾವ" ಎಂದು ಕಾಕಾ ನನ್ನ ಬೆನ್ನು ಹತ್ತುತ್ತಿದ್ದರಲ್ಲ! ಅಷ್ಟು ಮನೆಗಳಿರುವ ಜಾಗದಲ್ಲಿ ನನ್ನ ನಕ್ಷೆ ಜನರೇ ಇಲ್ಲವೆಂದಿತು. ಆಂಬುಲೆನ್ಸ್ ಕಾರ್ಖಾನೆಯ ಪಾಲಾಯಿತು. ಕಾಕಾರಿಗೆ ಲಕ್ವಾ ಹೊಡೆದ ದಿನ ಅದು ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿಕೊಂಡು ಅಲ್ಲಿಂದ ಬರಬೇಕಾಯಿತು.

"ಇನ್ನೊಂದೀಟು ಲಗೂನ ತಂದಿದ್ರ ಕೈ ಉಳೀತಿತ್ರಿ" ಎಂದರು ಡಾಕ್ಟರು. ನೀನು ನನ್ನ ತಲೆ ಸವರಿ, "ಅಳಬ್ಯಾಡ ಬೇ, ನೀ ಏನ್ ಮಾಡ್ತಿ, ನಮ್ಮ ಕರ್ಮ" ಎಂದೆ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು ಕಾಕು.

ಅಂದಾಜು ತಪ್ಪಿದೆಯೆಂದು ನಿನ್ನೆ ಆಫೀಸಿನಲ್ಲಿ ಬರೆದುಕೊಟ್ಟಿದ್ದೇನೆ. ಆಂಬುಲೆನ್ಸ್ ವಸ್ತಿಯ ಕಡೆ ಬರುವವರೆಗೆ ಸಾಹೇಬರ ಬೆನ್ನು ಬಿಡುವುದಿಲ್ಲ. ಕಾಕಾ ತಮ್ಮ ಕೈಯಿಂದಲೇ ಉಣ್ಣುವಂತಾಗಲಿ, ನೀನು ಗಟ್ಟಿಯಾಗಿರು. ಮನಸ್ಸು ಬಂದರೆ ನನ್ನನ್ನೂ ಹರಸು.

ಅವ್ವ ಹೋದ ಮೇಲೆ ನೀನು ಸಾಕಿದ ಮಗಳು,
ತ್ರಿಶಲಾ

ತಾ.ಕ.: ಆ ಕಪ್ಪು ಜಾಗ ನಮ್ಮ ವಸ್ತಿಯೆಂದು ನನಗೆ ಆಗಲೇ ಗೊತ್ತಿತ್ತು ಕಾಕು. ಆಂಬುಲೆನ್ಸಿನ ಜಾಗ ಗೊತ್ತುಮಾಡುವ ಮೀಟಿಂಗಿನಲ್ಲಿ ಸಾಹೇಬರು ಅದರ ಮೇಲೆ ಬೆರಳಿಟ್ಟು, "ಇಲ್ಲಿ ಯಾರೂ ಇಲ್ಲೇನ್ರಿ?" ಎಂದು ನನ್ನನ್ನೇ ಕೇಳಿದರು. ಹುಳು ಸಾಯಬಾರದೆಂದು ನಮ್ಮ ಮಂದಿ ಕತ್ತಲಲ್ಲಿ ಕೂಡುತ್ತಾರೆ ಅಂದರೆ ಎಲ್ಲರೂ ನಕ್ಕಾರೆಂದು ನಾಚಿಕೆಯಾಯಿತು. "ಇಲ್ರಿ ಸರ್, ಬರೇ ಕಬ್ಬು" ಅಂದೆ.