ಟೂಸಾನ್ ಪಟ್ಟಿಯ ಕೊನೆಯ ಹೆಸರು

ವರ್ನನ್,

ಇವತ್ತು ಮಧ್ಯಾಹ್ನ ನಮ್ಮೂರು ಮನ್ಸಿಯ ಅದೇ ಹಳೆಯ ಹೋಟೆಲಿನಲ್ಲಿ ಊಟ ಮಾಡುತ್ತಿದ್ದಾಗ ನಮ್ಮ ಲೀಗಿನ ಲೊರೆಟಾ ತನ್ನ ಫೋನನ್ನು ನನ್ನ ಮುಂದೆ ಹಿಡಿದಳು. ಟೂಸಾನ್‌ಗೆ ಹೋದಮೇಲೆ ನೀನು ಅಲ್ಲೂ ನಮ್ಮದರಂತೆ ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟಿ, ಅವರು ಗಳಿಸುವ ಅಂಕಗಳಿಂದ ಪೈಪೋಟಿ ಮಾಡುವ ಫ್ಯಾಂಟಸಿ ಬ್ಯಾಸ್ಕೆಟ್‌ಬಾಲ್ ಲೀಗೊಂದನ್ನು ಸೇರಿದ್ದೀಯಂತೆ. ಈ ಸಲ ಯಾರ ತಂಡ ಎಷ್ಟನೆಯದಾಗುತ್ತದೆಂದು ಅಲ್ಲಿಯೂ ನೀನೇ ಭವಿಷ್ಯ ಬರೆದಿದ್ದೀಯ.

ಮೊದಲ ಸ್ಥಾನ ಯಾರದೆಂದು ನಾನು ನೋಡಲಿಲ್ಲ. ನೇರವಾಗಿ ಕೊನೆಗೆ ಹೋದೆ. ಅಲ್ಲಿ ರೂಬೆನ್ ಎಂಬವನಿದ್ದ. 'ಇವನು ಆಟಗಾರರನ್ನ ಆರಿಸೋದು ಜೆರ್ಸಿ ಬಣ್ಣ ನೋಡಿ. ಆದ್ರೂ ಇವನಿಲ್ದೆ ನಂಗೆ ಆಟ ರುಚಿಸಲ್ಲ' ಎಂದು ಬರೆದಿದ್ದೀಯ.

ಇಲ್ಲಿ ನಮ್ಮ ಲೀಗಿಗೆ ನೀನು ಬರೆಯುತ್ತಿದ್ದ ಭವಿಷ್ಯದಲ್ಲಿ ಹನ್ನೊಂದು ವರ್ಷ ಆ ಕೊನೆಯ ಸ್ಥಾನ ನನ್ನದಾಗಿತ್ತು. ಎರಡು ಸಲ ನಾನೇ ಲೀಗ್ ಗೆದ್ದಿದ್ದರೂ ಮರುವರ್ಷ ನೀನು ನನ್ನನ್ನು ಅಲ್ಲಿಗೇ ತಳ್ಳುತ್ತಿದ್ದೆ. ಉಳಿದವರಿಗೆಲ್ಲ ಒಂದೊಂದು ಸಾಲು. ನನ್ನನ್ನು ಬೈಯಲು ಮಾತ್ರ ಪೂರ್ತಿ ಒಂದು ಪುಟ.

"ಈ ರೂಬೆನ್ ಯಾರು?" ಎಂದೆ.

"ಅಲ್ಲಿ ವರ್ನನ್‌ನ ಪಕ್ಕದ್ಮನೆಯವನಂತೆ. ಯಾಕೋ ಡ್ವೈಟ್, ಹೊಟ್ಟೆಕಿಚ್ಚಾ? ಈ ವಯಸ್ಸಲ್ಲಾ?" ಲೊರೆಟಾ ನಕ್ಕಳು. "ಫೋನ್ ಮಾಡಿ ಬೈಯೋ ವರ್ನನ್‌ಗೆ. ನಂಬರ್ ಕೊಡ್ಲಾ?"

"ನನ್ನತ್ರ ಇದೆ."

ಆಮೇಲೆ ರೂಬೆನ್‌ನ ತಂಡವನ್ನೂ ನೋಡಿದೆ. ಒಳ್ಳೆಯ ತಂಡ, ಕೊನೆಗೆ ಬರುವಂಥದ್ದೇ ಅಲ್ಲ; ನನ್ನಂತೆಯೇ ಅವನನ್ನೂ ನೀನು ಬೇಕೆಂದೇ ಅಲ್ಲಿಟ್ಟಿದ್ದೀಯ. ನನಗೆ ಹೆಚ್ಚು ಉರಿದದ್ದು ಅದಕ್ಕೇ.

ಇದನ್ನು ನಿನಗೆ ಕಳಿಸುವುದಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ. ಊರು ಬಿಟ್ಟ ದಿನ ಬೆಳಿಗ್ಗೆ ಸಾಮಾನು ತುಂಬಿದ ಟ್ರಕ್ಕನ್ನು ರಸ್ತೆಯಲ್ಲಿ ನಿಲ್ಲಿಸಿ ನೀನು ಮೂರು ಸಲ ನನ್ನ ಬಾಗಿಲು ಬಡಿದೆ. ನಾನು ಒಳಗೇ ಇದ್ದೆ, ವರ್ನನ್.

ಡ್ವೈಟ್