ಬೆಳ್ಳಕ್ಕಿಗಳ ಪಾಠ

ಎರ್ನಾಕುಳಂ,
೧೪-೯-೧೯೫೮

ಚಿರಂಜೀವಿ ಸುಬ್ರಾಯನಿಗೆ ಅಣ್ಣ ಯಜ್ಞನಾರಾಯಣನ ಆಶೀರ್ವಾದಗಳು. ತಿರುವನಂತಪುರದಿಂದ ನೀನು ಬರೆದ ಎರಡು ಕಾಗದಕ್ಕೂ ಉತ್ತರಿಸಲಿಲ್ಲ. ಸೆಕ್ರೆಟೇರಿಯೆಟ್ ಗುಮಾಸ್ತನಾದ ನಿನಗೆ ಉತ್ತರ ಬಾರದ ಕಾಗದವೇನೂ ಹೊಸದಲ್ಲ, ಆದರೂ ಕ್ಷಮಿಸು. ನಮ್ಮ ಆರೋಗ್ಯಕ್ಕೇನೂ ಕೊರತೆಯಿಲ್ಲ. ಕ್ಷೇಮ ಎಂದು ಬರೆಯಲು ಮಾತ್ರ ಕೈ ಬರುವುದಿಲ್ಲ. ಮಗಳು ವಿಜಯಾ ನನ್ನೊಡನೆ ಮಾತು ಬಿಟ್ಟು ತಿಂಗಳಾಯಿತು.

ನಮ್ಮ ಹುಡುಗಿಯ ಬಾಯಿ ನಿನಗೆ ಗೊತ್ತೇ ಇದೆ. ಶಾಲೆಗೆ ಏಲಿಯಾಮ್ಮ ಎಂಬ ಹೊಸ ಟೀಚರ್ ಬಂದ ಮೇಲೆ ಊಟಕ್ಕೆ ಕೂತರೂ ಹಕ್ಕಿಯದೇ ಸುದ್ದಿ. ಅವರು ಪ್ರಕೃತಿ ಪಾಠವನ್ನು ಪುಸ್ತಕ ಹಿಡಿದು ಮಾಡುವವರಲ್ಲ. ಮಕ್ಕಳನ್ನು ಹಿನ್ನೀರಿನ ದಂಡೆಗೆ ಕರೆದೊಯ್ದು, ನೀರಲ್ಲೇ ಬೇರುಬಿಟ್ಟ ಕಾಂಡ್ಲಾ ಗಿಡಗಳಲ್ಲಿ ಬೆಳ್ಳಕ್ಕಿ ಕಟ್ಟಿದ ಗೂಡು ತೋರಿಸಿ, ಒಬ್ಬೊಬ್ಬರಿಗೆ ಒಂದೊಂದನ್ನು ವಹಿಸಿಕೊಟ್ಟರು. ಮರಿ ಹಾರುವವರೆಗೆ ವಾರವಾರ ಹೋಗಿ ನೋಡಬೇಕು, ಮುಟ್ಟಬಾರದು. "ನನ್ನ ಗೂಡಲ್ಲಿ ಮರಿ ಉಂಟಪ್ಪಾ!" ಎಂದು ಬಂದವಳು ಉಳಿದದ್ದನ್ನೆಲ್ಲ ಮಲಯಾಳದಲ್ಲೇ ಹೇಳಿ ಕುಣಿದಳು.

ಅದೇ ದಂಡೆಗೆ ಮಣ್ಣು ತುಂಬಿಸಿ ಗೋದಾಮು ಕಟ್ಟುವ ಕಂಟ್ರಾಕ್ಟು ನಮ್ಮ ಕಂಪನಿಗೆ ಬಂತು. ಮೇಲ್ವಿಚಾರಣೆ ನನ್ನದು. ಮರಿಗಳು ಹಾರುವವರೆಗೆ ತಡೆಯೋಣವೇ ಎಂದು ಸಾಹೇಬರನ್ನು ಕೇಳಿದೆ. "ಭಟ್ರೇ, ರಜೆ ಬೇಕಾದರೆ ನೇರ ಕೇಳಿ" ಎಂದು ನಕ್ಕರು. ನಾನೂ ನಕ್ಕೆ. ಮನೆಯಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಆ ಗಿಡಗಳನ್ನು ಕಡಿಯುವ ದಿನವೇ ಪಾಠದ ದಿನವೂ ಆಗಬೇಕೆ! ನಾನು ಕೊಡೆ ಹಿಡಿದು, ಎಲ್ಲಿಂದ ಕಡಿಯಬೇಕೆಂದು ಆಳುಗಳಿಗೆ ಕೈತೋರಿಸುತ್ತಿದ್ದೆ. ಆಚೆ ಬದಿಗೆ ಮಕ್ಕಳ ಸಾಲು ಬಂದು ನಿಂತಿತು. ಕೆಸರಿಗೆ ಬಿದ್ದ ಮರಿಗಳು ತಿನ್ನಲು ಕೊಡುತ್ತಾರೆಂದೋ ಏನೋ ಬಾಯಿ ತೆರೆಯುತ್ತಿದ್ದವು. ಅವುಗಳ ಮೇಲೆಯೇ ಮಣ್ಣು ಸುರಿದರು. ಕೆಲವು ಮಕ್ಕಳು ಗಟ್ಟಿಯಾಗಿ ಅತ್ತವು. ವಿಜಯಾ ಅಳಲಿಲ್ಲ, ನನ್ನನ್ನು ಕರೆಯಲೂ ಇಲ್ಲ. ನನ್ನ ಕೊಡೆಯ ಕಡೆಗೇ ನೋಡುತ್ತಿದ್ದಳು.

ಈಗ ನಾನು ಊಟಕ್ಕೆ ಕೂತರೆ ಅವಳು ಎದ್ದು ಹೋಗುತ್ತಾಳೆ. ನಿನ್ನ ಅತ್ತಿಗೆ ಚಂದ್ರಾವತಿಯನ್ನು ಕೇಳಿದರೆ, "ಅವಳಿಗೆ ನಾನು ಎಂತ ಹೇಳುವುದು? ನೀವು ಮಾಡಿದ್ದನ್ನು ಕಣ್ಣಾರೆ ಕಂಡಿದ್ದಾಳಲ್ಲ" ಎನ್ನುತ್ತಾಳೆ. ಹೊಟ್ಟೆಪಾಡು ಎಂಬುದನ್ನು ಹತ್ತು ವರ್ಷದ ಮಗುವಿಗೆ ಹೇಗೆ ತಿಳಿಸುವುದು ಮಾರಾಯ? ನಾನಂತೂ ಸೋತುಹೋಗಿದ್ದೇನೆ. ತಿರುವನಂತಪುರದ ಉಳ್ಳೂರಿನ ನಿನ್ನ ಮನೆಯಲ್ಲಿ ಈ ವರ್ಷ ಅವಳನ್ನು ಇಟ್ಟುಕೊಳ್ಳುತ್ತೀಯಾ? ಅಲ್ಲಿಯ ಶಾಲೆಗೆ ಸೇರಿಸೋಣ. ನಿನ್ನ ಮಾತಾದರೆ ಕೇಳುತ್ತಾಳೆ. ಸೌದಾಮಿನಿಯನ್ನೂ ನಿನ್ನ ಮಕ್ಕಳನ್ನೂ ದೇವರು ಚೆನ್ನಾಗಿಟ್ಟಿರಲಿ.

ಇತಿ ನಿನ್ನ ಅಣ್ಣ,
ಯಜ್ಞನಾರಾಯಣ

ತಾ.ಕ.: ಇದು ಚಂದ್ರಾವತಿಗೆ ಗೊತ್ತಿಲ್ಲ. ವಿಜಯಾಳ ಟಿ.ಸಿ. ಕೇಳಲು ನಿನ್ನೆ ಶಾಲೆಗೆ ಹೋಗಿದ್ದೆ. ಅಂದು ಕೊಡೆಯಡಿ ನಿಂತವನ ಮುಖ ಟೀಚರಿಗೆ ಕಂಡಿರಲಿಕ್ಕಿಲ್ಲ. ವಿಜಯಾಳನ್ನು ಕರೆಸಿ, ಅವಳ ತಲೆ ಸವರುತ್ತ ನನಗೆ ಮೆಲ್ಲಗೆ ಹೇಳಿದರು: "ಅಪ್ಪ ತೀರಿಹೋದರೆಂದು ಇವಳೇ ಕ್ಲಾಸಿನಲ್ಲಿ ಹೇಳಿದಳು. ಅಂದಿನಿಂದ ಮಗು ಮಂಕಾಗಿದ್ದಾಳೆ. ನೀವು ಚಿಕ್ಕಪ್ಪನೇ?" ಇಷ್ಟು ದಿನಗಳಲ್ಲಿ ಮೊದಲ ಸಲ ವಿಜಯಾ ನನ್ನ ಮುಖ ನೋಡಿದಳು. ನಾನು ಹೌದು ಎಂದೆ, ಸುಬ್ರಾಯ.